ಡ್ರಾಕುಲಾ, ಫ್ರಾಂಕನ್‌ಸ್ಟೈನ್ ಮೂಲ ಹಾಳೆಗಳನ್ನು ನೋಡುವುದು ಹೇಗೆ? ಮನೆಯಿಂದಲೂ, ಅಲ್ಲಿಗೇ ಹೋಗಿಯೂ

"ಡ್ರಾಕುಲಾ ಬರೆದವನ ಕೈಬರಹ ಈಗ ಎಲ್ಲಿದೆ? ನಮ್ಮಂಥವರಿಗೆ ನೋಡೋಕೆ ಬಿಡ್ತಾರಾ?" ಅಕ್ಟೋಬರ್ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ಕೇಳುತ್ತಾರೆ. ಲಂಡನ್‌ನಲ್ಲಿರುವ ಮಗಳ ಮನೆಗೆ ಹೊರಟವರು ಕೇಳುತ್ತಾರೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿರುವವರು, ಪಾಸ್‌ಪೋರ್ಟೇ ಇಲ್ಲದವರು, ಅವರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆದಿದ್ದೇನೆ.

ಚಿಕ್ಕ ಉತ್ತರ: ಹೌದು, ಬಿಡುತ್ತಾರೆ. ಕೆಲವನ್ನು ಕಾಸು ಖರ್ಚಿಲ್ಲದೆ ಮನೆಯಲ್ಲೇ ನೋಡಬಹುದು. ಕೆಲವಕ್ಕೆ ಮೊದಲೇ ಹೇಳಿ ಹೋಗಬೇಕು. ಕೆಲವನ್ನು ವರ್ಷವಿಡೀ ಪ್ರದರ್ಶನಕ್ಕೆ ಇಟ್ಟಿರುವುದಿಲ್ಲ. ಸೋಲುವವರು ಸಾಮಾನ್ಯವಾಗಿ ಈ ಮೂರನೇ ವಿಷಯದಲ್ಲೇ ಸೋಲುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡ್ರಾಕುಲಾ, ಫ್ರಾಂಕನ್‌ಸ್ಟೈನ್‌ನಂಥ ಗೋಥಿಕ್ ಸಾಹಿತ್ಯದ ಹೆಸರಲ್ಲಿ ಪ್ರವಾಸ ಹೊರಡುವವರು ಮೊದಲು ಕೋಟೆ ನೋಡಲು ಓಡುತ್ತಾರೆ. ನಾನಾದರೆ ಮೊದಲು ಕಾಗದ ನೋಡಿ ಅನ್ನುತ್ತೇನೆ. ರೈಲು ಹೊರಡುವ ಸಮಯ, ಸಮಾಧಿ ಕಲ್ಲಿನ ಮೇಲಿದ್ದ ಹೆಸರು, ಹೊಡೆದುಹಾಕಿದ ಪಾತ್ರ, ಇವೆಲ್ಲ ಇರುವುದು ಕಾಗದದಲ್ಲಿ. ಆ ಭಯವನ್ನು ಒಬ್ಬ ಮನುಷ್ಯ ಕೂತು ಹೇಗೆ ಕಟ್ಟಿದ ಎನ್ನುವುದು ಅಲ್ಲಿ ಕಾಣುತ್ತದೆ. ಕೋಟೆ ಆಮೇಲೆ ನೋಡಿದರಾಯಿತು.

ಗೋಥಿಕ್ ಅಂದರೆ ಏನು ಎಂದು ಕೇಳುವವರಿಗೆ: ಹಳೇ ಕೋಟೆ, ಪಾಳು ಮಠ, ನೆಲಮಾಳಿಗೆ, ಮನೆತನದ ಶಾಪ, ರಾತ್ರಿ ಮಳೆ, ಸತ್ತರೂ ಸಾಯದವರು. ಇವನ್ನಿಟ್ಟುಕೊಂಡು 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕಥೆಯ ಬಗೆ ಇದು. 1764ರ ಕೊನೆಯಲ್ಲಿ ಹೊರೇಸ್ ವಾಲ್‌ಪೋಲ್ ಪ್ರಕಟಿಸಿದ 'ದಿ ಕಾಸಲ್ ಆಫ್ ಒಟ್ರಾಂಟೊ' ಇದರ ಮೊದಲ ಕಾದಂಬರಿ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮಜಾ ಏನೆಂದರೆ, ಇದು ಹಳೇ ಇಟಾಲಿಯನ್ ಪುಸ್ತಕದ ಅನುವಾದ ಎಂದು ಸುಳ್ಳು ಹೇಳಿ ಅವನು ಅದನ್ನು ಹೊರತಂದಿದ್ದ. ಜನ ಮೆಚ್ಚಿದ ಮೇಲೆ, ಎರಡನೇ ಮುದ್ರಣದಲ್ಲಿ, ನಾನೇ ಬರೆದದ್ದು ಎಂದು ಒಪ್ಪಿಕೊಂಡ.

ಏನೇನು ಬೇಕು

ಒಂದು ಪುಸ್ತಕ ಓದಿರಬೇಕು. ಒಂದು ಇಮೇಲ್ ವಿಳಾಸ ಇರಬೇಕು. ಹೋಗುವುದಾದರೆ ಕನಿಷ್ಠ ಎರಡು ತಿಂಗಳು ಮುಂಚೆ ಯೋಚನೆ ಶುರು ಮಾಡಬೇಕು. ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಇಲ್ಲಿ ಬರುವ ಕಾದಂಬರಿ, ಕಥೆಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಹಂತ 1: ಒಂದೇ ಪುಸ್ತಕ ಹಿಡಿಯಿರಿ

ಎಲ್ಲವನ್ನೂ ಒಟ್ಟಿಗೆ ನೋಡಲು ಹೋಗಬೇಡಿ. ಒಂದನ್ನು ಓದಿ, ಅದರ ಬೆನ್ನು ಹತ್ತಿ. ಓದದೆ ಹೋದರೆ ಗಾಜಿನ ಪೆಟ್ಟಿಗೆಯೊಳಗೆ ಕಾಣುವುದು ಸುಮ್ನೆ ಹಳದಿ ಕಾಗದ, ಅಷ್ಟೇ.

'ಡ್ರಾಕುಲಾ' ಹಿಡಿದರೆ ಒಂದು ಒಳ್ಳೆಯ ದಾರಿ ಇದೆ. ಇಡೀ ಕಾದಂಬರಿ ದಿನಚರಿ, ಪತ್ರ, ತಂತಿ, ಪತ್ರಿಕೆಯ ಸುದ್ದಿಗಳ ರೂಪದಲ್ಲಿದೆ. ಹೆಚ್ಚು ಕಡಿಮೆ ಎಲ್ಲಕ್ಕೂ ತಾರೀಕು ಇದೆ. ಮೇ 3ಕ್ಕೆ ಶುರುವಾಗಿ ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಆಯಾ ತಾರೀಕಿನಂದು ಅಷ್ಟಷ್ಟೇ ಓದಿ. ಕೆಲವು ದಿನ ಒಂದೇ ಪ್ಯಾರಾ, ಕೆಲವು ದಿನ ಹತ್ತಾರು ಪುಟ. ಮ್ಯೂಸಿಯಂಗಳಲ್ಲಿ ಕಾರ್ಯಕ್ರಮಗಳು ಜಾಸ್ತಿ ನಡೆಯುವ ಅಕ್ಟೋಬರ್‌ಗೆ ನೀವೂ ಕಥೆಯ ಕೊನೆಯ ಬೆನ್ನಟ್ಟುವಿಕೆಯಲ್ಲಿ ಇರುತ್ತೀರಿ.

'ಫ್ರಾಂಕನ್‌ಸ್ಟೈನ್' ಆದರೆ ಒಂದು ಎಚ್ಚರಿಕೆ. ಇದರ ಪಠ್ಯ ಎರಡು ಇವೆ. 1818ರ ಜನವರಿ 1ರಂದು ಲೇಖಕಿಯ ಹೆಸರಿಲ್ಲದೆ, 3 ಸಂಪುಟಗಳಲ್ಲಿ, 500 ಪ್ರತಿ ಬಂದದ್ದು ಒಂದು. ಮೇರಿ ಶೆಲ್ಲಿ ಸಾಕಷ್ಟು ತಿದ್ದಿ, ಹೊಸ ಮುನ್ನುಡಿ ಬರೆದು 1831ರಲ್ಲಿ ತಂದದ್ದು ಇನ್ನೊಂದು. ಅಗ್ಗದ ಮುದ್ರಣಗಳಲ್ಲಿ ಬಹಳಷ್ಟು 1831ರವು. ಹಸ್ತಪ್ರತಿಯ ಜೊತೆ ಹೋಲಿಸಿ ನೋಡುವ ಆಸೆ ಇದ್ದರೆ 1818ರ ಪಠ್ಯವನ್ನೇ ಓದಿ. ಪುಸ್ತಕದ ಮೊದಲ ಪುಟಗಳಲ್ಲಿ ಯಾವ ವರ್ಷದ ಪಠ್ಯ ಎಂದು ಬರೆದಿರುತ್ತಾರೆ, ನೋಡಿಕೊಳ್ಳಿ.

ಹಂತ 2: ಯಾವುದು ಎಲ್ಲಿದೆ, ತಿಳಿದುಕೊಳ್ಳಿ

ಪುಸ್ತಕ ಬರೆದ ಊರಲ್ಲೇ ಅದರ ಕಾಗದ ಇರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಹರಾಜಿನಲ್ಲಿ ಯಾರು ಕೊಂಡರೋ ಕಾಗದ ಅವರ ಹಿಂದೆ ಹೋಗುತ್ತದೆ.

ಡ್ರಾಕುಲಾ. ಬ್ರಾಮ್ ಸ್ಟೋಕರ್ ಡಬ್ಲಿನ್‌ನವನು. ಲಂಡನ್‌ನ ಲೈಸಿಯಂ ಥಿಯೇಟರಿನಲ್ಲಿ ವ್ಯವಸ್ಥಾಪಕನಾಗಿದ್ದ. ಆದರೆ ಅವನ ಟಿಪ್ಪಣಿಗಳು ಇರುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಡೆಲಾನ್ಸಿ ಪ್ಲೇಸ್ ಎಂಬ ಬೀದಿಯ ರೋಸೆನ್‌ಬಾಕ್ ಮ್ಯೂಸಿಯಂನಲ್ಲಿ. ಅಪರೂಪದ ಪುಸ್ತಕಗಳ ವ್ಯಾಪಾರಿಯಾಗಿದ್ದ ರೋಸೆನ್‌ಬಾಕ್ ಮತ್ತು ಅವನ ಅಣ್ಣ ವಾಸವಿದ್ದ ಮನೆಯೇ ಇವತ್ತಿನ ಮ್ಯೂಸಿಯಂ. ಸ್ಟೋಕರ್ ಸತ್ತ ಮರುವರ್ಷ, 1913ರಲ್ಲಿ, ಅವನ ಹೆಂಡತಿ ಫ್ಲಾರೆನ್ಸ್ ಸೋಥೆಬೀಸ್ ಹರಾಜಿಗೆ ಕೊಟ್ಟ ಸಾಮಾನಿನಲ್ಲಿ ಈ ಟಿಪ್ಪಣಿಗಳೂ ಇದ್ದವು. ಕೈ ಬದಲಾಗುತ್ತಾ ಹೋಗಿ ಕೊನೆಗೆ 1970ರಲ್ಲಿ ರೋಸೆನ್‌ಬಾಕ್ ಸಂಗ್ರಹಕ್ಕೆ ಬಂದವು.

ನೂರಕ್ಕೂ ಹೆಚ್ಚು ಪುಟಗಳಿವೆ. ಕೆಲವು ಕೈಬರಹ, ಕೆಲವು ಟೈಪ್ ಮಾಡಿದ್ದು. ತಾರೀಕು ಇರುವ ಮೊದಲ ಟಿಪ್ಪಣಿ 1890ರ ಮಾರ್ಚ್ 8ರದ್ದು. ಕಾದಂಬರಿ ಬಂದದ್ದು 1897ರ ಮೇ 26ಕ್ಕೆ. ಲೆಕ್ಕ ಹಾಕಿ, ಏಳು ವರ್ಷ! ಈ ಪುಟಗಳಲ್ಲಿ ಏನೆಲ್ಲ ಇದೆ ಎಂದರೆ, ಕೌಂಟ್‌ನ, ಅಂದರೆ ಕಥೆಯ ರಕ್ತಪಿಶಾಚಿ ಶ್ರೀಮಂತನ, ಮೊದಲ ಹೆಸರು 'ವ್ಯಾಂಪೈರ್', ಅದನ್ನು ಹೊಡೆದು ಮೇಲೆ 'ಡ್ರಾಕುಲಾ' ಎಂದು ಬರೆದಿದ್ದಾನೆ. ಅವನ ಊರು ಮೊದಲು ಟ್ರಾನ್ಸಿಲ್ವೇನಿಯಾ ಅಲ್ಲ, ಆಸ್ಟ್ರಿಯಾದ ಸ್ಟೈರಿಯಾ. ರೈಲಿನ ವೇಳಾಪಟ್ಟಿ ಇದೆ. ಯಾವ ದಿನ ಯಾರು ಎಲ್ಲಿರಬೇಕು ಎಂಬ ಕ್ಯಾಲೆಂಡರ್ ಇದೆ. ಇಂಗ್ಲೆಂಡಿನ ಕರಾವಳಿಯ ವಿಟ್‌ಬಿ ಊರಿನ ಸಮಾಧಿ ಕಲ್ಲುಗಳಿಂದ ಬರೆದುಕೊಂಡ ಹೆಸರುಗಳಿವೆ, ಅಲ್ಲಿನ ಮೀನುಗಾರರ ಆಡುಮಾತಿನ ಪಟ್ಟಿ ಇದೆ. ಕಾದಂಬರಿಗೆ ಬಾರದೆ ಉಳಿದವರೂ ಇಲ್ಲಿ ಸಿಗುತ್ತಾರೆ: ಒಬ್ಬ ಪತ್ತೇದಾರ, ಒಬ್ಬ ಚಿತ್ರಕಾರ. ಎಷ್ಟೇ ಕಷ್ಟಪಟ್ಟರೂ ಕೌಂಟ್‌ನ ಚಿತ್ರ ಬರೆಯಲು ಆಗುವುದಿಲ್ಲ, ಬರೆದರೆ ಅದು ಇನ್ಯಾರದೋ ಮುಖದಂತೆ ಬರುತ್ತದೆ ಎಂಬ ಉಪಾಯವನ್ನು ಸ್ಟೋಕರ್ ಯೋಚಿಸಿ ಬಿಟ್ಟಿದ್ದ. ಕ್ಯಾಮೆರಾದಲ್ಲಿ ತೆಗೆದರೆ ಅಸ್ಥಿಪಂಜರದಂತೆ ಬರುತ್ತಾನೆ ಎಂಬುದನ್ನೂ. ಎಂಥ ಒಳ್ಳೆಯ ಉಪಾಯಗಳು! ಯಾಕೆ ಬಿಟ್ಟನೋ ಅನಿಸುತ್ತದೆ. ಕೊನೆಗೆ ಉಳಿದದ್ದು ಕನ್ನಡಿಯಲ್ಲಿ ಕಾಣದ ಕೌಂಟ್ ಮಾತ್ರ.

ಒಂದು ಗೊಂದಲ ಬೇಡ. ಇವು ಟಿಪ್ಪಣಿಗಳು, ಕಾದಂಬರಿಯ ಪೂರ್ತಿ ಪ್ರತಿ ಅಲ್ಲ. ಮುದ್ರಣಕ್ಕೆ ಹೋದ ಟೈಪ್ ಪ್ರತಿ ಬೇರೆಯೇ ಇದೆ. ಅದು 1980ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸಿಕ್ಕಿತು, ಆಮೇಲೆ ಮೈಕ್ರೋಸಾಫ್ಟ್‌ನ ಪಾಲ್ ಅಲೆನ್ ಅದನ್ನು ಕೊಂಡರು. ಮ್ಯೂಸಿಯಂನವರ ಬಳಿ "ಡ್ರಾಕುಲಾ ಹಸ್ತಪ್ರತಿ ತೋರಿಸಿ" ಎಂದು ಕೇಳಬೇಡಿ. "ಸ್ಟೋಕರ್ ಟಿಪ್ಪಣಿಗಳು" ಎಂದು ಕೇಳಿ.

ಫ್ರಾಂಕನ್‌ಸ್ಟೈನ್. ಇದರ ಕರಡು ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಲೈಬ್ರರಿಯಲ್ಲಿದೆ. ಶೆಲ್ಲಿ ಕುಟುಂಬದ ಕಾಗದಪತ್ರಗಳ ಅಬಿಂಜರ್ ಸಂಗ್ರಹವನ್ನು ಲೈಬ್ರರಿ 2004ರಲ್ಲಿ ಕೊಂಡಿತು. ಈ ಕರಡು ಅದರ ಭಾಗ. ಕಥೆ ಶುರುವಾದದ್ದು 1816ರ ಜೂನ್‌ನಲ್ಲಿ, ಜಿನೀವಾ ಸರೋವರದ ದಡದಲ್ಲಿ. ಅದರ ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಆ ಬೂದಿಯಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆಗೆ ಮನೆಯೊಳಗೆ ಸಿಕ್ಕಿಕೊಂಡ ಕವಿಗಳಾದ ಬೈರನ್, ಪರ್ಸಿ ಶೆಲ್ಲಿ, ವೈದ್ಯ ಪೊಲಿಡೋರಿ, 18 ವರ್ಷದ ಮೇರಿ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದು ಮಾತಾಡಿಕೊಂಡರು. ಆ ಮಾತಿನಿಂದ ಬಂದದ್ದು ಒಂದಲ್ಲ, ಎರಡು. ಮೇರಿಯ ಕಾದಂಬರಿ ಒಂದು, ಪೊಲಿಡೋರಿಯ 'ದಿ ವ್ಯಾಂಪೈರ್' ಇನ್ನೊಂದು.

ನ್ಯೂಯಾರ್ಕ್‌ನಲ್ಲಿ ಇರುವವರಿಗೆ ಒಂದು ಸುಳಿವು. ಮಾರ್ಗನ್ ಲೈಬ್ರರಿಯಲ್ಲಿ 1818ರ ಮುದ್ರಣದ ಒಂದು ಪ್ರತಿ ಇದೆ. ಅದರ ಅಂಚಿನಲ್ಲಿ ಮೇರಿಯೇ ಕೈಯಾರೆ ತಿದ್ದುಪಡಿ ಬರೆದಿದ್ದಾರೆ.

ಎಡ್ಗರ್ ಅಲನ್ ಪೋ. ಅಮೆರಿಕದ ಕಥೆಗಾರ, ಕವಿ. ಇವನದು ಚೆಲ್ಲಾಪಿಲ್ಲಿ. ಬದುಕಿದ್ದಾಗ ಬಾಡಿಗೆ ಮನೆ ಬದಲಿಸುತ್ತಲೇ ಇದ್ದ. ಹಾಗಾಗಿ ಈಗ ರಿಚ್ಮಂಡ್, ಬಾಲ್ಟಿಮೋರ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ನ ಬ್ರಾಂಕ್ಸ್, ನಾಲ್ಕು ಊರಿನಲ್ಲೂ ಪೋ ಮನೆ ಅಥವಾ ಮ್ಯೂಸಿಯಂ ಇದೆ. ವಸ್ತುಗಳನ್ನು ನೋಡಲು ಆಸೆ ಇದ್ದವರು ರಿಚ್ಮಂಡ್‌ಗೆ ಹೋಗಬೇಕು. 1922ರಿಂದ ಇರುವ ಪೋ ಮ್ಯೂಸಿಯಂನಲ್ಲಿ ಅವನ ಪೆಟ್ಟಿಗೆ, ಕೈಕೋಲು, ತಲೆಗೂದಲಿನ ಒಂದು ಎಳೆ ಎಲ್ಲ ಇವೆ. ಮ್ಯೂಸಿಯಂ ಇರುವ ಹಳೇ ಕಲ್ಲಿನ ಮನೆಯಲ್ಲಿ ಪೋ ಎಂದೂ ವಾಸ ಮಾಡಿರಲಿಲ್ಲ, ಅದು ನೆನಪಿರಲಿ. ತೋಟದಲ್ಲಿ ಕರಿ ಬೆಕ್ಕುಗಳನ್ನು ಸಾಕಿದ್ದಾರೆ. ನನ್ನ ಲೆಕ್ಕದಲ್ಲಿ ಅದೂ ಸಂಗ್ರಹದ ಭಾಗವೇ.

ಬರಹ ನೋಡುವ ಆಸೆ ಇದ್ದರೆ ಫಿಲಡೆಲ್ಫಿಯಾದ ಫ್ರೀ ಲೈಬ್ರರಿ. ಅದರ ಅಪರೂಪದ ಪುಸ್ತಕಗಳ ವಿಭಾಗದಲ್ಲಿ 'ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್' ಕಥೆಯ ಹಸ್ತಪ್ರತಿ ಇದೆ. ಸತ್ತ ಮೇಲೆ ಒಳಗೆ ತುಂಬಿಸಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಒಂದು ಕಾಗೆಯೂ ಇದೆ. ಅದರ ಹೆಸರು ಗ್ರಿಪ್. ಚಾರ್ಲ್ಸ್ ಡಿಕನ್ಸ್ ಸಾಕಿದ ಕಾಡುಕಾಗೆ, 1841ರಲ್ಲಿ ಸತ್ತಿತು. ಡಿಕನ್ಸ್ ಅದನ್ನು ಒಂದು ಕಾದಂಬರಿಯಲ್ಲಿ ತಂದ. ಪೋ ಆ ಕಾದಂಬರಿಯ ವಿಮರ್ಶೆ ಬರೆಯುವಾಗ, ಈ ಕಾಗೆಯನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಬಹುದಿತ್ತು ಎಂದ. 1845ರಲ್ಲಿ ತಾನೇ 'ದಿ ರೇವನ್' (ಕಾಡುಕಾಗೆ) ಎಂಬ ಪದ್ಯ ಪ್ರಕಟಿಸಿದ.

ಉಳಿದವು. ವಾಲ್‌ಪೋಲ್‌ನ ಸ್ಟ್ರಾಬೆರಿ ಹಿಲ್ ಮನೆ ಲಂಡನ್ ಪಕ್ಕದ ಟ್ವಿಕನಮ್‌ನಲ್ಲಿದೆ. 2010ರಲ್ಲಿ ದುರಸ್ತಿ ಮುಗಿಸಿ ಮತ್ತೆ ತೆರೆದರು. ಮನೆ ಅಲ್ಲೇ ಇದೆ, ಸಾಮಾನು ಇಲ್ಲ. 1842ರ ದೊಡ್ಡ ಹರಾಜಿನಲ್ಲಿ ಎಲ್ಲ ಚದುರಿಹೋಯಿತು. ಅವನ ಕಾಗದಪತ್ರ ಬೇಕಾದವರು ಅಮೆರಿಕದ ಫಾರ್ಮಿಂಗ್ಟನ್‌ನಲ್ಲಿರುವ ಲೂಯಿಸ್ ವಾಲ್‌ಪೋಲ್ ಲೈಬ್ರರಿ ನೋಡಬೇಕು. ಅದು ಯೇಲ್ ವಿಶ್ವವಿದ್ಯಾಲಯದ್ದು. ಇನ್ನು 'ಜೆಕಿಲ್ ಮತ್ತು ಹೈಡ್' ಪ್ರಿಯರು ಎಡಿನ್‌ಬರೋದ ರೈಟರ್ಸ್ ಮ್ಯೂಸಿಯಂಗೆ ಹೋಗಿ. ಹಗಲು ಮರಗೆಲಸ, ರಾತ್ರಿ ಕಳ್ಳತನ ಮಾಡುತ್ತಿದ್ದ ಡೀಕನ್ ಬ್ರೋಡಿ ಮಾಡಿದ ಕಪಾಟು ಅಲ್ಲಿದೆ. ಆ ಕಥೆ ಬರೆದ ಸ್ಟೀವನ್‌ಸನ್ ಬಾಲ್ಯದಲ್ಲಿ ಮಲಗುತ್ತಿದ್ದ ಕೋಣೆಯಲ್ಲೇ ಅದು ಇತ್ತು!

ಹಂತ 3: ಟಿಕೆಟ್ ಮಾಡುವ ಮುಂಚೆ ಮನೆಯಲ್ಲೇ ನೋಡಿ

ಧಾರವಾಡದವರು, ಬೆಂಗಳೂರಿನವರು ಇಲ್ಲಿಂದಲೇ ಶುರು ಮಾಡಿ. ಹೋಗುವವರೂ ಇದನ್ನು ಬಿಡಬೇಡಿ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಎರಡು ಪುಟ ಮಾತ್ರ ಕಾಣುತ್ತವೆ. ಪರದೆಯ ಮೇಲೆ ಎಲ್ಲವೂ.

ಶೆಲ್ಲಿ-ಗಾಡ್ವಿನ್ ಆರ್ಕೈವ್ ಎಂಬ ತಾಣ ಹುಡುಕಿ. 2013ರ ಹ್ಯಾಲೋವೀನ್ ದಿನ (ಅಕ್ಟೋಬರ್ 31, ಪಶ್ಚಿಮದವರ ದೆವ್ವದ ಹಬ್ಬ) ಶುರುವಾಯಿತು, ಉಚಿತ. ಫ್ರಾಂಕನ್‌ಸ್ಟೈನ್ ನೋಟ್‌ಬುಕ್ಕುಗಳ ಪ್ರತಿ ಪುಟದ ಚಿತ್ರ ಇದೆ. ಪಕ್ಕದಲ್ಲೇ ಅದರ ಅಕ್ಷರರೂಪ ಇದೆ, ಅಂದರೆ ಕೈಬರಹವನ್ನು ಓದಿ ಟೈಪ್ ಮಾಡಿದ್ದು. ಮೇರಿಯ ಕೈಬರಹ ಯಾವುದು, ಗಂಡ ಪರ್ಸಿಯ ತಿದ್ದುಪಡಿ ಯಾವುದು ಎಂದು ಬೇರೆ ಮಾಡಿ ನೋಡುವ ಸೌಲಭ್ಯವೂ ಇದೆ. "ನಿಜವಾಗಿ ಬರೆದದ್ದು ಗಂಡನೇ ಅಲ್ವಾ?" ಎಂದು ಇನ್ನೂ ಕೇಳುವವರು ಇದ್ದಾರೆ. ಅವರನ್ನು ಈ ಪುಟಗಳ ಮುಂದೆ ಹತ್ತು ನಿಮಿಷ ಕೂರಿಸಿ. ಪರ್ಸಿ ಅಲ್ಲಲ್ಲಿ ಪದ ಬದಲಿಸಿದ್ದಾನೆ, ವಾಕ್ಯ ಸೇರಿಸಿದ್ದಾನೆ. ಕಥೆ ಓಡುತ್ತಿರುವುದು ಮೇರಿಯ ಕೈಯಲ್ಲೇ.

ಎಲ್ಲಿಂದ ಶುರು ಮಾಡುವುದು? ನವೆಂಬರಿನ ರಾತ್ರಿ, ಫ್ರಾಂಕನ್‌ಸ್ಟೈನ್ ಎಂಬಾತ ತಯಾರಿಸಿದ ಜೀವಿ ಕಣ್ಣು ತೆರೆಯುವ ದೃಶ್ಯದಿಂದ. ಅದು 1831ರ ಪುಸ್ತಕದಲ್ಲಿ 5ನೇ ಅಧ್ಯಾಯ. 1818ರದ್ದರಲ್ಲಿ ಮೊದಲ ಸಂಪುಟದ 4ನೇ ಅಧ್ಯಾಯ. ಕರಡಿನಲ್ಲಿ ಮಾತ್ರ 7ನೇ ಅಧ್ಯಾಯ. ಇದು ಗೊತ್ತಿಲ್ಲದೆ ಹುಡುಕಿದರೆ ಸಂಜೆಯೇ ಮುಗಿದುಹೋಗುತ್ತದೆ.

ಮೊಬೈಲಿನಲ್ಲಿ ನೋಡಬೇಡಿ. ಹೊಡೆದುಹಾಕಿದ ಪದಗಳು ಸಣ್ಣ ಪರದೆಯಲ್ಲಿ ಕಾಣುವುದಿಲ್ಲ.

ಹಂತ 4: "ಈಗ ಹೊರಗೆ ಇಟ್ಟಿದ್ದೀರಾ?" ಎಂದು ಕೇಳಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಸಂಗ್ರಹದಲ್ಲಿ ಇರುವುದು ಬೇರೆ, ಪ್ರದರ್ಶನದಲ್ಲಿ ಇರುವುದು ಬೇರೆ.

ಕಾಗದಕ್ಕೂ ಮಸಿಗೂ ಬೆಳಕೇ ಶತ್ರು. ಒಮ್ಮೆ ಮಾಸಿದ ಮಸಿ ತಿರುಗಿ ಬರುವುದಿಲ್ಲ. ಅದಕ್ಕೇ ಇಂಥ ಹಾಳೆಗಳನ್ನು ಸುಮಾರು 50 ಲಕ್ಸ್ ಬೆಳಕಿನಲ್ಲಿ ಇಡುತ್ತಾರೆ. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂಬ ಅಳತೆ. ಆಫೀಸಿನ ಮೇಜಿನ ಮೇಲೆ 300ರಿಂದ 500 ಇರುತ್ತದೆ. ಹಾಗಾಗಿ ಕೋಣೆ ಮಬ್ಬಾಗಿದ್ದರೆ ಅದು ಭಯ ಹುಟ್ಟಿಸಲು ಮಾಡಿದ್ದಲ್ಲ! ಅಷ್ಟು ಕಡಿಮೆ ಬೆಳಕಿನಲ್ಲೂ ಕೆಲವು ತಿಂಗಳು ಮಾತ್ರ ಇಟ್ಟು, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುತ್ತಾರೆ. ವರ್ಷಗಟ್ಟಲೆ ಹೊರಗೆ ಬರದಿರಬಹುದು. ಬೇರೆ ದೇಶದ ಪ್ರದರ್ಶನಕ್ಕೆ ಎರವಲು ಹೋಗಿರಲೂಬಹುದು.

ಇನ್ನೊಂದು ಪದ ತಿಳಿದಿರಲಿ, ಫ್ಯಾಕ್ಸಿಮಿಲಿ. ಮೂಲದ ಬಣ್ಣ, ಕಲೆ, ಮಡಿಕೆ ಎಲ್ಲವನ್ನೂ ಹಾಗೇ ತೋರಿಸುವ ನಕಲು. ಮೂಲ ವಿಶ್ರಾಂತಿಯಲ್ಲಿದ್ದಾಗ ಪೆಟ್ಟಿಗೆಯಲ್ಲಿ ಇದನ್ನೇ ಇಡುವುದುಂಟು. ಪಕ್ಕದ ಸಣ್ಣ ಚೀಟಿಯಲ್ಲಿ ಬರೆದಿರುತ್ತಾರೆ. ಜನ ಓದುವುದಿಲ್ಲ, ನಕಲಿಗೆ ಕೈಮುಗಿದು ಬರುತ್ತಾರೆ.

ಒಂದು ಸಣ್ಣ ಇಮೇಲ್ ಬರೆಯಿರಿ. ನಾಲ್ಕೇ ವಿಷಯ ಸಾಕು. ನಾನು ಇಂಥ ತಾರೀಕಿಗೆ ಬರುತ್ತಿದ್ದೇನೆ. ಇಂಥ ವಸ್ತು ಆಗ ಪ್ರದರ್ಶನದಲ್ಲಿ ಇರುತ್ತದೆಯೇ? ಇರುವುದು ಮೂಲವೋ ಫ್ಯಾಕ್ಸಿಮಿಲಿಯೋ? ಇಲ್ಲದಿದ್ದರೆ ನೋಡಲು ಬೇರೆ ದಾರಿ ಇದೆಯೇ? ನಿಮ್ಮ ಜೀವನ ಚರಿತ್ರೆ ಬೇಡ. ಉತ್ತರ ಬರಲು ಒಂದೆರಡು ವಾರ ಕಾಯಿರಿ, ಆಮೇಲೆ ಮತ್ತೊಮ್ಮೆ ಕೇಳಿ.

ಕಟ್ಟಡ ತೆರೆದಿದೆಯೇ ಎಂದೂ ನೋಡಿಕೊಳ್ಳಿ. ಹಳೇ ಮನೆಗಳಿಗೆ ದುರಸ್ತಿ ಎಂದೂ ಮುಗಿಯುವುದಿಲ್ಲ. ಕೆಲವು ವಾರದಲ್ಲಿ ಎರಡು ಮೂರು ದಿನ ಮಾತ್ರ ತೆರೆಯುತ್ತವೆ. ನಕ್ಷೆ ತೋರಿಸುವ ಆ್ಯಪ್ ನಂಬಬೇಡಿ, ಮ್ಯೂಸಿಯಂನ ತಾಣವನ್ನೇ ನೋಡಿ.

ಹಂತ 5: ಯಾವ ಬಗೆಯ ಭೇಟಿ ಬೇಕು, ತೀರ್ಮಾನಿಸಿ

ಗ್ಯಾಲರಿ ನೋಡುವುದು ಸುಲಭ. ಟಿಕೆಟ್ ತಗೊಳ್ಳಿ, ಒಳಗೆ ಹೋಗಿ. ಬೋಡ್ಲಿಯನ್‌ನ ವೆಸ್ಟನ್ ಕಟ್ಟಡದ ಪ್ರದರ್ಶನ ಕೋಣೆ, ಎಡಿನ್‌ಬರೋದ ರೈಟರ್ಸ್ ಮ್ಯೂಸಿಯಂ, ಫ್ರೀ ಲೈಬ್ರರಿ ಇಂಥವಕ್ಕೆ ದುಡ್ಡೂ ಬೇಡ.

ಎರಡನೆಯದು ಸಣ್ಣ ಗುಂಪಿನ ಭೇಟಿ. ಮ್ಯೂಸಿಯಂನವರೇ ಕೆಲವು ಮೂಲ ವಸ್ತುಗಳನ್ನು ಹೊರತೆಗೆದು, ಮೇಜಿನ ಮೇಲಿಟ್ಟು, ಹತ್ತಿರದಿಂದ ತೋರಿಸಿ ವಿವರಿಸುತ್ತಾರೆ. ರೋಸೆನ್‌ಬಾಕ್ ಇದಕ್ಕೆ ಹೆಸರುವಾಸಿ. ಸಾಮಾನ್ಯ ಓದುಗರಿಗೆ ನಾನು ಹೇಳುವುದು ಇದನ್ನೇ. ಸೀಟು ಕಡಿಮೆ, ಅಕ್ಟೋಬರ್‌ನವು ಬೇಗ ಹೋಗುತ್ತವೆ. ಅಲ್ಲಿನ ಬೇಸಿಗೆ ಮುಗಿಯುವ ಆಗಸ್ಟ್ ಹೊತ್ತಿಗೇ ತಾಣ ನೋಡುತ್ತಿರಿ.

ಮೂರನೆಯದು ರೀಡಿಂಗ್ ರೂಮ್. ಸಂಶೋಧನೆಗಾಗಿ ಮೂಲ ಕಾಗದವನ್ನೇ ಮುಂದಿಟ್ಟುಕೊಂಡು ಓದುವ ಕೋಣೆ. ಇಲ್ಲಿಗೆ ಕಾರಣ ಬೇಕು, ಮೊದಲೇ ಸಮಯ ನಿಗದಿ ಮಾಡಿಕೊಳ್ಳಬೇಕು, ಗುರುತಿನ ಚೀಟಿ ಬೇಕು. ಪಿಎಚ್.ಡಿ. ಮಾಡುವವರು ಮಾರ್ಗದರ್ಶಕರ ಪತ್ರ ಇಟ್ಟುಕೊಂಡಿದ್ದರೆ ಒಳ್ಳೆಯದು. "ಸುಮ್ನೆ ನೋಡ್ಬೇಕು" ಎಂದರೆ ಬಿಡುವುದು ಕಷ್ಟ. ಸ್ಕ್ಯಾನ್ ಇರುವ ವಸ್ತುವಾದರೆ ಅದನ್ನೇ ನೋಡಿ ಎನ್ನುತ್ತಾರೆ. ಮೂಲವನ್ನೇ ಏಕೆ ನೋಡಬೇಕು ಎಂಬುದಕ್ಕೆ ಗಟ್ಟಿ ಉತ್ತರ ಇರಲಿ. ಉದಾಹರಣೆಗೆ ಕಾಗದದ ನೀರುಗುರುತು, ಹೊಲಿಗೆ, ಅಂಟಿಸಿದ ತುಂಡು.

ರೀಡಿಂಗ್ ರೂಮಿನ ನಿಯಮಗಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಪೆನ್ನು ಇಲ್ಲ, ಪೆನ್ಸಿಲ್ ಮಾತ್ರ. ಬ್ಯಾಗು, ಕೋಟು, ನೀರಿನ ಬಾಟಲಿ ಹೊರಗೆ. ಪುಸ್ತಕವನ್ನು ಮೆತ್ತನೆಯ ಫೋಮ್ ಆಸರೆಯ ಮೇಲೆ ಇಡಬೇಕು, ಪೂರ್ತಿ ಬಿಚ್ಚಿ ಒತ್ತಬಾರದು. ಸಿನಿಮಾದಲ್ಲಿ ತೋರಿಸುವ ಬಿಳಿ ಕೈಗವಸು ಕಾಗದಕ್ಕೆ ಸಾಮಾನ್ಯವಾಗಿ ಹಾಕುವುದಿಲ್ಲ. ಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂದಾಜು ಸಿಗದೆ ಹರಿಯುವ ಅಪಾಯ ಜಾಸ್ತಿ. ಕೈ ತೊಳೆದು ಒರೆಸಿಕೊಂಡರೆ ಸಾಕು. ಬೋಡ್ಲಿಯನ್‌ನಲ್ಲಿ ಇನ್ನೊಂದಿದೆ. ಓದುಗರ ಕಾರ್ಡ್ ಪಡೆಯುವಾಗ ಲೈಬ್ರರಿಯೊಳಗೆ ಬೆಂಕಿ ತರುವುದಿಲ್ಲ, ಹಚ್ಚುವುದಿಲ್ಲ ಎಂದು ಪ್ರಮಾಣ ಮಾಡಬೇಕು. ನಗಬೇಡಿ, ಗಂಭೀರವಾಗಿಯೇ ಮಾಡಿಸುತ್ತಾರೆ.

ಇಷ್ಟೆಲ್ಲ ನಿಯಮ ನೋಡಿ ಬೇಸರವಾದರೆ ವಾಲ್‌ಪೋಲ್‌ನನ್ನು ನೆನೆಸಿಕೊಳ್ಳಿ. ತನ್ನ ಮನೆ ನೋಡಲು ಬರುವವರಿಗೆ ಅವನೇ ಟಿಕೆಟ್ ಅಚ್ಚು ಹಾಕಿಸಿದ್ದ. ದಿನಕ್ಕೆ ಒಂದೇ ಗುಂಪು, ಹೆಚ್ಚೆಂದರೆ ನಾಲ್ಕು ಜನ, ಮಧ್ಯಾಹ್ನ 12ರಿಂದ 3ರೊಳಗೆ. ಮಕ್ಕಳನ್ನು ತರಬೇಡಿ ಎಂದೂ ಬರೆದಿದ್ದ.

ಹಂತ 6: ದಾರಿ ಹಾಕಿಕೊಳ್ಳಿ

ಅಮೆರಿಕದಲ್ಲಿ ಒಂದೇ ದಿನ ಇದ್ದರೆ ಫಿಲಡೆಲ್ಫಿಯಾ. ಬೇರೆ ಯೋಚನೆಯೇ ಬೇಡ. ನ್ಯೂಜೆರ್ಸಿಯಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರಬಹುದು. ರೋಸೆನ್‌ಬಾಕ್ ಮೊದಲು. ಅಲ್ಲಿಂದ ನಡೆದೇ ಫ್ರೀ ಲೈಬ್ರರಿ, ಗ್ರಿಪ್ ಕಾಗೆಯ ದರ್ಶನ. ಆಮೇಲೆ 7ನೇ ಬೀದಿ ಮತ್ತು ಸ್ಪ್ರಿಂಗ್ ಗಾರ್ಡನ್ ಸೇರುವಲ್ಲಿ ಪೋ ಮನೆ. ಅವನು ಈ ನಗರದಲ್ಲಿದ್ದ ಮನೆಗಳಲ್ಲಿ ಉಳಿದಿರುವುದು ಇದೊಂದೇ, ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುತ್ತದೆ. ಒಳಗೆ ಪೀಠೋಪಕರಣ ಇಲ್ಲ, ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ನಿರಾಸೆ ಆಗಬೇಡಿ, ನೇರ ನೆಲಮಾಳಿಗೆಗೆ ಇಳಿಯಿರಿ. 1843ರ 'ದಿ ಬ್ಲ್ಯಾಕ್ ಕ್ಯಾಟ್' ಕಥೆ ಓದಿಕೊಂಡು ಹೋಗಿದ್ದರೆ ಅಲ್ಲಿನ ಗೋಡೆ ನೋಡಿದಾಗ ಯಾಕೆ ಹೇಳಿದೆ ಎಂದು ಗೊತ್ತಾಗುತ್ತದೆ. ಮೂರೂ ಒಂದೇ ದಿನ ತೆರೆದಿರುವುದು ಖಾತರಿ ಇಲ್ಲ. ಹಂತ 4 ಮರೆಯಬೇಡಿ.

ಬ್ರಿಟನ್‌ನಲ್ಲಿ ನನ್ನ ಆಯ್ಕೆ ವಿಟ್‌ಬಿ. ಯಾರ್ಕ್‌ಶೈರ್ ಕರಾವಳಿಯ ಊರು. 1890ರ ಬೇಸಿಗೆಯಲ್ಲಿ ಸ್ಟೋಕರ್ ಇಲ್ಲಿ ರಜೆಗೆ ಬಂದಿದ್ದ. ಇಲ್ಲಿನ ಲೈಬ್ರರಿಯಲ್ಲಿ ಸಿಕ್ಕ ವಿಲಿಯಂ ವಿಲ್ಕಿನ್‌ಸನ್‌ನ 1820ರ ಪುಸ್ತಕದಿಂದ ಡ್ರಾಕುಲಾ ಎಂಬ ಹೆಸರು ಟಿಪ್ಪಣಿಗೆ ಬಂತು. 1885ರಲ್ಲಿ ಡಿಮಿಟ್ರಿ ಎಂಬ ರಷ್ಯಾದ ಹಡಗು ಇಲ್ಲಿ ದಡಕ್ಕೆ ಬಡಿದಿತ್ತು. ಅದರ ಕಥೆಯನ್ನು ಕರಾವಳಿ ಕಾವಲುಗಾರನಿಂದ ಕೇಳಿ ಬರೆದುಕೊಂಡ. ಕಾದಂಬರಿಯಲ್ಲಿ ಅದೇ ಡಿಮೀಟರ್ ಹಡಗು. ಬಂದರಿನಿಂದ 199 ಮೆಟ್ಟಿಲು ಹತ್ತಿದರೆ ಚರ್ಚಿನ ಸ್ಮಶಾನ, ಅದರಾಚೆ ಪಾಳು ಬಿದ್ದ ಮಠ. ರೋಸೆನ್‌ಬಾಕ್ ಟಿಪ್ಪಣಿಗಳನ್ನು ಓದಿ ಬಂದವರಿಗೆ ಈ ಊರು ಬೇರೆಯೇ ತರಹ ಕಾಣುತ್ತದೆ. ಆದರೆ ಡ್ರಾಕುಲಾ ಸಮಾಧಿ ಎಲ್ಲಿ ಎಂದು ಅಲ್ಲಿ ಕೇಳಬೇಡಿ. ಅಂಥದ್ದು ಇಲ್ಲ, ದಯವಿಟ್ಟು ಕೇಳಬೇಡಿ ಎಂದು ಚರ್ಚಿನವರೇ ಬೋರ್ಡ್ ಹಾಕಬೇಕಾಯಿತು.

ಡಬ್ಲಿನ್‌ಗೆ ಹೋಗುವವರು ಮಾರ್ಷ್ಸ್ ಲೈಬ್ರರಿ ನೋಡಿ. 1707ರ ಲೈಬ್ರರಿ, ಕಪಾಟುಗಳೂ ಬಹುತೇಕ ಆಗಿನವೇ. ವಿದ್ಯಾರ್ಥಿಯಾಗಿದ್ದಾಗ ಸ್ಟೋಕರ್ ಇಲ್ಲಿ ಕೂತು ಓದಿದ್ದಕ್ಕೆ ಅಲ್ಲಿನ ದಾಖಲೆ ಪುಸ್ತಕದಲ್ಲಿ ಸಾಕ್ಷಿ ಇದೆ.

ಈಗ ಎಡವುವ ಜಾಗಗಳು. ರೊಮೇನಿಯಾದ ಬ್ರಾನ್ ಕೋಟೆಯನ್ನು 'ಡ್ರಾಕುಲಾ ಕೋಟೆ' ಎಂದು ಮಾರುತ್ತಾರೆ. ಸ್ಟೋಕರ್ ರೊಮೇನಿಯಾಗೆ ಕಾಲಿಟ್ಟವನೇ ಅಲ್ಲ. ಕೋಟೆ ಚೆನ್ನಾಗಿದೆ, ನೋಡಿ. ಕಾದಂಬರಿಯ ಮೂಲ ಎಂದು ಮಾತ್ರ ನೋಡಬೇಡಿ. 1816ರಲ್ಲಿ ಬೈರನ್ ತಂಗಿದ್ದ, ಜಿನೀವಾ ಬಳಿಯ ವಿಲ್ಲಾ ಡಿಯೊಡಾಟಿ ಈಗ ಖಾಸಗಿ ಮನೆ. ಹೊರಗೆ ನಿಂತು ನೋಡಬಹುದು, ಗೇಟು ತಟ್ಟುವಂತಿಲ್ಲ. ಬಾತ್ ನಗರದಲ್ಲಿ 2021ರಲ್ಲಿ ಶುರುವಾದ ಫ್ರಾಂಕನ್‌ಸ್ಟೈನ್ ಮನೆ ಮನರಂಜನೆಯ ಜಾಗ. ಮೇರಿ ಆ ಊರಿನಲ್ಲಿದ್ದು ಕಾದಂಬರಿ ಬರೆದದ್ದು ನಿಜ, ಆದರೆ ಹಸ್ತಪ್ರತಿ ಹುಡುಕಿಕೊಂಡು ಅಲ್ಲಿಗೆ ಹೋಗಬೇಡಿ. ಮಕ್ಕಳಿದ್ದರೆ ಖುಷಿಪಡುತ್ತಾರೆ.

ಇನ್ನು ರಕ್ತಪಿಶಾಚಿ ಕೊಲ್ಲುವ ಪೆಟ್ಟಿಗೆ. ಶಿಲುಬೆ, ಮರದ ಗೂಟ, ಪಿಸ್ತೂಲು, ಪವಿತ್ರ ಜಲದ ಸೀಸೆ ಇರುವ ಇಂಥ 'ವಿಕ್ಟೋರಿಯನ್' ಪೆಟ್ಟಿಗೆಗಳು ಹರಾಜಿಗೆ ಬರುತ್ತಲೇ ಇರುತ್ತವೆ. ಲೀಡ್ಸ್‌ನ ರಾಯಲ್ ಆರ್ಮರೀಸ್ ಮ್ಯೂಸಿಯಂ ಒಂದನ್ನು 2012ರಲ್ಲಿ ಕೊಂಡಿತು. ಅಲ್ಲಿನ ತಜ್ಞರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ: ಒಳಗಿನ ಕೆಲವು ಸಾಮಾನು ಹಳೆಯದು, ಆದರೆ ಇಂಥ ಪೆಟ್ಟಿಗೆ ಎಂಬ ಕಲ್ಪನೆಯೇ 20ನೇ ಶತಮಾನದ್ದು, ಸಿನಿಮಾಗಳನ್ನು ನೋಡಿ ಹುಟ್ಟಿದ್ದು. ಹಾಗಿದ್ದೂ ಅದನ್ನು ಇಟ್ಟುಕೊಂಡಿರುವುದು ನನಗೆ ಇಷ್ಟ. ಒಂದು ಪುಸ್ತಕ ಜನರ ತಲೆಯೊಳಗೆ ಎಷ್ಟು ದೂರ ಹೋಯಿತು ಎಂಬುದಕ್ಕೆ ಅದೇ ಸಾಕ್ಷಿ. ನೀವು ಮಾತ್ರ ಕೊಳ್ಳಲು ಹೋಗಬೇಡಿ.

ಹಂತ 7: ಕಾರ್ಯಕ್ರಮಗಳ ದಿನ, ಸಮಯ

ಈ ತಾರೀಕುಗಳನ್ನು ಗುರುತು ಹಾಕಿಕೊಳ್ಳಿ. ಜನವರಿ 19 ಪೋ ಹುಟ್ಟಿದ ದಿನ, ಅಕ್ಟೋಬರ್ 7 ಅವನು ಬಾಲ್ಟಿಮೋರ್‌ನಲ್ಲಿ ಸತ್ತ ದಿನ. ಮೇ 26 ಡ್ರಾಕುಲಾ ಪ್ರಕಟವಾದ ದಿನ. 125 ವರ್ಷ ತುಂಬಿದ 2022ರ ಮೇ 26ರಂದು ವಿಟ್‌ಬಿಯ ಮಠದಲ್ಲಿ 1,369 ಜನ ರಕ್ತಪಿಶಾಚಿ ವೇಷ ಹಾಕಿ ಸೇರಿ ಗಿನ್ನೆಸ್ ದಾಖಲೆ ಮಾಡಿದರು. ಡಬ್ಲಿನ್‌ನಲ್ಲಿ ಅಕ್ಟೋಬರ್ ಕೊನೆಯಲ್ಲಿ ಬ್ರಾಮ್ ಸ್ಟೋಕರ್ ಉತ್ಸವ ನಡೆಯುತ್ತದೆ. ಆ ವಾರ ಹೋಟೆಲ್ ದುಬಾರಿ. ಹಸ್ತಪ್ರತಿಯನ್ನು ನಿಧಾನವಾಗಿ ನೋಡಬೇಕು ಎನ್ನುವವರು ಅಕ್ಟೋಬರ್ ಬಿಟ್ಟು ಬೇರೆ ತಿಂಗಳು ಹೋಗಿ. ಗದ್ದಲವೇ ಬೇಕು ಎನ್ನುವವರು ಅಕ್ಟೋಬರ್‌ಗೇ ಹೋಗಿ.

ಉಪನ್ಯಾಸ, ಓದುಗರ ಗುಂಪು, ವಾರಗಟ್ಟಲೆ ನಡೆಯುವ ಕೋರ್ಸುಗಳನ್ನು ಈಗ ಆನ್‌ಲೈನ್‌ನಲ್ಲೂ ನಡೆಸುತ್ತಾರೆ. ಇಲ್ಲಿ ಕರ್ನಾಟಕದವರು ಎಡವುವುದು ಸಮಯದಲ್ಲಿ. ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಸಂಜೆ 6 ಗಂಟೆ ಎಂದರೆ ನಮಗೆ ಮರುದಿನ ಬೆಳಗಿನ ಜಾವ 3:30. ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಹೋಗುತ್ತದೆ, ಆಗ ಅದು 4:30. ಲಂಡನ್‌ನ ಸಂಜೆ 7 ಗಂಟೆ ನಮಗೆ ರಾತ್ರಿ 11:30. ಅಕ್ಟೋಬರ್‌ನ ಕೊನೆಯ ಭಾನುವಾರದಿಂದ ಅದು 12:30. ಹ್ಯಾಲೋವೀನ್ ಈ ಎರಡು ಬದಲಾವಣೆಗಳ ಹತ್ತಿರವೇ ಬರುವುದರಿಂದ ನೋಂದಾಯಿಸುವಾಗ ಎರಡು ಸಲ ಲೆಕ್ಕ ಹಾಕಿ, ತಾರೀಕನ್ನೂ ಸೇರಿಸಿ. ದುಡ್ಡು ಕಟ್ಟುವ ಮುಂಚೆ ರೆಕಾರ್ಡಿಂಗ್ ಕೊಡುತ್ತಾರಾ, ಎಷ್ಟು ದಿನ ಇರುತ್ತದೆ ಎಂದು ಕೇಳಿ. ರೆಕಾರ್ಡಿಂಗ್ ಇಲ್ಲದ ಅಮೆರಿಕದ ಕಾರ್ಯಕ್ರಮಕ್ಕೆ ವಾರದ ನಡುವೆ ನೋಂದಾಯಿಸಬೇಡಿ. ಬ್ರಿಟನ್ನಿನವರು ಮಧ್ಯಾಹ್ನ ನಡೆಸುವ ಉಪನ್ಯಾಸಗಳನ್ನು ಮೊದಲು ಹುಡುಕಿ, ನಮಗೆ ಸಂಜೆ ಊಟದ ಹೊತ್ತಿಗೆ ಸರಿಯಾಗುತ್ತದೆ.